ಸಹಿ ನನ್ನದು, ಪತ್ರ ನನ್ನದಲ್ಲ

2024ರ ಫೆಬ್ರುವರಿ 14, ಬುಧವಾರ. ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ರಾಣೇಬೆನ್ನೂರಿನ ಮಾರುಕಟ್ಟೆ ಠಾಣೆಗೆ ಇಬ್ಬರು ಹೆಂಗಸರು ಬಂದರು. ಒಬ್ಬಳು ಇಪ್ಪತ್ತಾರು ವರ್ಷದ ತರನ್ನುಮ, ಇನ್ನೊಬ್ಬರು ಅವಳ ತಾಯಿ ಹುಸೇನಬಿ. ಠಾಣೆಗೆ ಬರುವವರು ಸಾಮಾನ್ಯವಾಗಿ ಅಳುತ್ತ ಬರುತ್ತಾರೆ, ಇಲ್ಲವೆ ಬೈಯುತ್ತ ಬರುತ್ತಾರೆ. ಇವರು ಎರಡೂ ಮಾಡಲಿಲ್ಲ. ಬೆಂಚಿನ ಮೇಲೆ ಕುಳಿತು ತಮ್ಮ ಸರದಿ ಕಾದರು.

ಇನ್‌ಸ್ಪೆಕ್ಟರ್ ಚನ್ನೇಶ ಬಣಕಾರ ದೂರನ್ನು ಎರಡು ಸಲ ಓದಿದ. ಹಾವೇರಿಯ ಜಿಲ್ಲಾ ಮಟ್ಟದ ಕಚೇರಿಯೊಂದರಲ್ಲಿ ಇಂಗ್ಲಿಷ್–ಕನ್ನಡ ಅನುವಾದಕರ ಹುದ್ದೆ ಒಂದೇ ಒಂದು ಇತ್ತು. ಆಯ್ಕೆ ಪಟ್ಟಿಯಲ್ಲಿ ತರನ್ನುಮಳ ಹೆಸರು ಮೊದಲನೆಯದು. ಜನವರಿ 29ಕ್ಕೆ ನೇಮಕಾತಿ ಆದೇಶ ಕೈಗೆ ಬಂದಿತ್ತು. ಮೊನ್ನೆ ಸೋಮವಾರ ಅಂಚೆಯವನು ಅವಳ ಮನೆಗೆ ಒಂದು ಸ್ವೀಕೃತಿ ಕಾರ್ಡು ತಂದುಕೊಟ್ಟ. ಅವಳು ಕಳಿಸಿದ ರಿಜಿಸ್ಟರ್ಡ್ ಪತ್ರ ಹಾವೇರಿಯ ಆ ಕಚೇರಿಗೆ ತಲುಪಿದೆ ಎಂದು ಅದರಲ್ಲಿತ್ತು. ಅವಳು ಯಾವ ಪತ್ರವನ್ನೂ ಕಳಿಸಿರಲಿಲ್ಲ. ಮರುದಿನ ಹಾವೇರಿಗೆ ಹೋಗಿ ವಿಚಾರಿಸಿದರೆ, ನನಗೆ ಈ ನೌಕರಿ ಬೇಡ ಎಂದು ಅವಳೇ ಬರೆದುಕೊಟ್ಟಂತೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಪತ್ರ ಅಲ್ಲಿ ಕಡತ ಸೇರಿತ್ತು.

"ಪತ್ರ ನೋಡಿದ್ರೇನು?" ಚನ್ನೇಶ ಕೇಳಿದ.

"ನೋಡೇನ್ರಿ."

"ಸಹಿ ಯಾರ್ದು?"

"ಸಹಿ ನಂದ ಐತ್ರಿ. ಪತ್ರ ನಂದಲ್ಲ."

ಬರೆದುಕೊಳ್ಳುತ್ತಿದ್ದ ಮಹಿಳಾ ಕಾನ್‌ಸ್ಟೆಬಲ್ ಸುಚಿತ್ರಾ ತಲೆ ಎತ್ತಿ ನೋಡಿದಳು. ಸಹಿ ನನ್ನದಲ್ಲ ಎನ್ನುವವರನ್ನು ಈ ಠಾಣೆ ಸಾಕಷ್ಟು ಕಂಡಿದೆ. ನನ್ನದೇ ಎಂದವಳು ಇವಳೇ ಮೊದಲು.

"ಯಾರಿಗರ ಖಾಲಿ ಹಾಳಿಗೆ ಸಹಿ ಮಾಡಿ ಕೊಟ್ಟೀರೇನು?"

"ಇಲ್ಲರಿ. ಯಾರಿಗೂ ಕೊಟ್ಟಿಲ್ಲ."

"ಏನ್ ಕೆಲಸ ಮಾಡ್ತೀರಿ?"

"ಮಾಲತೇಶಪ್ಪ ಮಾಸ್ತರ ಟೈಪಿಂಗ್ ಸೆಂಟರಿನ್ಯಾಗ ಕೆಲಸಕ್ಕ ಅದೀನ್ರಿ, ತಹಶೀಲ್ದಾರ ಕಚೇರಿ ಎದುರಿಗೆ. ಅವರು ಹೇಳ್ತಾರ, ನಾ ಬಡೀತೇನಿ."

ಹುಸೇನಬಿ ಒಂದೇ ಮಾತು ಆಡಿದರು. "ಸಾಹೇಬ್ರ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ನೋಡ್ರಿ."

12 ಗಂಟೆ 10 ನಿಮಿಷಕ್ಕೆ ಭಾರತೀಯ ದಂಡ ಸಂಹಿತೆ ಕಲಂ 465, 468, 471ರ ಅಡಿ ಎಫ್‌ಐಆರ್ ದಾಖಲಾಯಿತು. ಅಪರಾಧ ಸಂಖ್ಯೆ 31/2024.

ಮಧ್ಯಾಹ್ನ 2.45ಕ್ಕೆ ಚನ್ನೇಶ ಮತ್ತು ಹೆಡ್ ಕಾನ್‌ಸ್ಟೆಬಲ್ ಅಬ್ದುಲರಜಾಕ ಹಾವೇರಿಯ ಕಚೇರಿಯಲ್ಲಿದ್ದರು. ಇಬ್ಬರು ಪಂಚರ ಸಮಕ್ಷಮ ಮೂಲ ಪತ್ರವನ್ನೂ ಲಕೋಟೆಯನ್ನೂ ಪಂಚನಾಮೆ ಮಾಡಿ ವಶಕ್ಕೆ ಪಡೆದರು. ಲಕೋಟೆಯ ಮೇಲೆ ಬ್ಯಾಡಗಿ ಅಂಚೆಯ ಮುದ್ರೆ, ದಿನಾಂಕ ಫೆಬ್ರುವರಿ 8. ಪತ್ರ ಕಂಪ್ಯೂಟರಿನದಲ್ಲ, ಹಳೆಯ ಟೈಪ್‌ರೈಟರಿನದು. ಚನ್ನೇಶನಿಗೆ ಇಂಗ್ಲಿಷ್ ಓದಲು ಬರುತ್ತದೆ, ನಿಧಾನವಾಗಿ. ಐ ರಿಗ್ರೆಟ್ ಟು ಇನ್‌ಫಾರ್ಮ್ ಯು ಎಂದು ಶುರುವಾಗಿ, ಅನಿವಾರ್ಯ ಕಾರಣ ಹೇಳಿ, ತಮ್ಮ ಕೃಪೆಗೆ ಸದಾ ಕೃತಜ್ಞಳು ಎಂದು ಮುಗಿಯುವ ಏಳು ಸಾಲು. ಪ್ರತಿಯೊಂದು ಮಾತೂ ಕೂರಬೇಕಾದ ಕಡೆ ಕೂತಿತ್ತು. ಇಷ್ಟು ನಯವಾಗಿ ಯಾರೂ ಒಲ್ಲೆ ಅಂದದ್ದನ್ನು ಅವನು ಕಂಡಿರಲಿಲ್ಲ.

"ಇಂಥಾ ಇಂಗ್ಲಿಷ್ ನಮ್ಮ ತಾಲೂಕಿನ್ಯಾಗ ಇಬ್ಬರೇ ಬರಿಯೂದ್ರಿ ಸರ್," ಎಂದ ರಜಾಕ. "ಮಾಸ್ತರು, ಇಲ್ಲಾಂದ್ರ ಈ ಹುಡುಗಿ."

ಕಚೇರಿಯ ಅಧೀಕ್ಷಕರು ನೇರ ಮನುಷ್ಯ. "21ನೇ ತಾರೀಖು ಸಂಜಿ ಐದಕ್ಕ ಎರಡನೇ ನಂಬರಿನವರಿಗೆ ಆರ್ಡರ್ ಹೊಂಡ್ತೈತ್ರಿ. ಪತ್ರ ಸುಳ್ಳು ಅಂತ ನಿಮ್ಮ ವರದಿ ಅದರೊಳಗ ಬಂದ್ರ ಬಂತು. ಬರಲಿಲ್ಲಂದ್ರ ನನಗೂ ಏನೂ ಮಾಡಾಕ ಬರಂಗಿಲ್ಲ."

ಏಳು ದಿನ ಇತ್ತು.

ಎರಡನೇ ನಂಬರಿನ ಅಭ್ಯರ್ಥಿ ಬ್ಯಾಡಗಿಯ ದೀಪಿಕಾ. ಪತ್ರ ಹಾಕಿದ್ದೂ ಬ್ಯಾಡಗಿಯಲ್ಲೇ. ಇಷ್ಟು ಸಲೀಸಾಗಿ ಎರಡು ತುದಿ ಕೂಡಿದರೆ ಚನ್ನೇಶನಿಗೆ ಖುಷಿಯಾಗುವುದಿಲ್ಲ, ಬೇಸರವಾಗುತ್ತದೆ. ಫೆಬ್ರುವರಿ 15, ಗುರುವಾರ ಬೆಳಿಗ್ಗೆ ಅವನು ಸುಚಿತ್ರಾಳನ್ನು ಕರೆದುಕೊಂಡು ಬ್ಯಾಡಗಿಗೆ ಹೋದ. ಸೋಮವಾರ, ಗುರುವಾರ ಅಲ್ಲಿ ಮೆಣಸಿನಕಾಯಿ ಪೇಟೆ. ಚೀಲ ಹೊತ್ತ ಲಾರಿಗಳು ಮೋಟೆಬೆನ್ನೂರಿನ ತನಕ ನಿಂತಿದ್ದವು. ಜೀಪು ಇಳಿದ ಕೂಡಲೇ ಇಬ್ಬರೂ ಸೀನತೊಡಗಿದರು.

ಅಂಚೆ ಕಚೇರಿಯ ಗುಮಾಸ್ತ ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಉತ್ತರ ಕೊಟ್ಟ. "ಎಂಟನೇ ತಾರೀಖೂ ಗುರುವಾರನ ರಿ. ಪ್ಯಾಟಿ ದಿನ ಇಲ್ಲಿ ಮಾರಿ ನೋಡಾಕ ಪುರಸೊತ್ತು ಇರಂಗಿಲ್ಲ. ಯಾರೋ ವಯಸ್ಸಾದವರು ಇರಬೇಕು. ಸ್ವೀಕೃತಿ ಕಾರ್ಡು ಈಗ ಬರೇ ವಯಸ್ಸಾದವರು ಹಚ್ಚಸ್ತಾರ್ರಿ."

ದೀಪಿಕಾ ಆ ಎಂಟರಂದು ಹುಬ್ಬಳ್ಳಿಯಲ್ಲಿ ಇನ್ನೊಂದು ಪರೀಕ್ಷೆ ಬರೆಯುತ್ತಿದ್ದಳು. ಪ್ರವೇಶ ಪತ್ರದ ಮೇಲೆ ಮೇಲ್ವಿಚಾರಕರ ಸಹಿಯೂ ಇತ್ತು. ಮೊದಲಿನವರು ನೌಕರಿ ಬಿಟ್ಟಿದ್ದಾರೆ ಎಂದು ತಿಳಿದಾಗ ತನಗೇ ಆಶ್ಚರ್ಯವಾಯಿತು ಎಂದಳು.

"ಖುಷಿ ಆಗಲಿಲ್ಲೇನು?"

"ಆತ್ರಿ. ಸುಳ್ಳ್ಯಾಕ ಹೇಳ್ಲಿ?"

ಅವಳ ಹೇಳಿಕೆ ಬರೆದುಕೊಂಡು ವಾಪಸಾದರು. ಸೀನು ಮಾತ್ರ ಹಲಗೇರಿ ದಾಟಿದರೂ ನಿಲ್ಲಲಿಲ್ಲ.

ಫೆಬ್ರುವರಿ 17, ಶನಿವಾರ ಟೈಪ್‌ರೈಟರುಗಳ ಸರದಿ. ಊರಿನಲ್ಲಿ ಉಳಿದಿರುವುದು ಐದು. ಸುಚಿತ್ರಾ ಐದರಲ್ಲೂ ಅದೇ ಏಳು ಸಾಲು ಹೊಡೆಸಿಕೊಂಡು ಬಂದಳು. ಪತ್ರದಲ್ಲಿದ್ದಂತೆ ಟಿ ಅಕ್ಷರದ ಎಡ ಅರ್ಧ ಮಾಸಿದ್ದು ಒಂದೇ ಯಂತ್ರದಲ್ಲಿ. ಅದು ಮಾಲತೇಶಪ್ಪ ಮಾಸ್ತರರ ಸೆಂಟರಿನದು.

ಚನ್ನೇಶ ಎರಡು ಹಾಳೆಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ಕುಳಿತ. ಸಹಿ ಹುಡುಗಿಯದು. ಯಂತ್ರ ಹುಡುಗಿ ಕೆಲಸ ಮಾಡುವಲ್ಲಿನದು. ಇಂಗ್ಲಿಷೂ ಹುಡುಗಿಯದೇ ಇರಬಹುದು. ಯಾವುದೋ ಗಳಿಗೆಯಲ್ಲಿ ಬೇಡ ಎಂದು ಬರೆದು, ಆಮೇಲೆ ಪಶ್ಚಾತ್ತಾಪ ಪಟ್ಟು ದೂರು ಕೊಟ್ಟಿದ್ದಾಳೆ ಎಂದರೆ ಯಾವ ಮೇಲಧಿಕಾರಿಯೂ ಒಪ್ಪುತ್ತಾನೆ. ಇಂಥವಕ್ಕೆ ದೂರು ಸುಳ್ಳೆಂದು ಬಿ ರಿಪೋರ್ಟ್ ಹಾಕಿ ಮುಗಿಸುವುದು ರೂಢಿ. ಅವನು ಅವಳನ್ನು ಕರೆಸಿದ.

"ನೀವ ಬರದೀರಿ ಅಂತ ಬರೀಬೇಕಾಗತೈತಿ ತಂಗಿ."

ತರನ್ನುಮ ಮೇಜಿನ ಮೇಲಿನ ಎರಡು ಹಾಳೆಗಳನ್ನೂ ನೋಡಿದಳು.

"ಮಾಸ್ತರು ಬರದಿರಬಹುದೇನು?"

"ಅವರು ಬರಿಯಂಗಿಲ್ಲರಿ," ಎಂದಳು ಥಟ್ಟನೆ. ಆಮೇಲೆ, "ಅವರು ಅಂಥವರಲ್ಲರಿ," ಎಂದು ತಿದ್ದಿಕೊಂಡಳು.

ತಿದ್ದಿದ್ದನ್ನು ಚನ್ನೇಶ ಕೇಳಿಸಿಕೊಂಡ. ಆದರೆ ಅದರಿಂದ ಏನನ್ನೂ ಹೊರಡಿಸಲು ಅವನಿಗೆ ಆಗಲಿಲ್ಲ. ನಾಲ್ಕು ದಿನದಿಂದ ಒಂದೇ ಪ್ರಕರಣ ನೋಡಿ ನೋಡಿ ಅವನಿಗೆ ಯಾರ ಮೇಲೂ ಸಿಟ್ಟಾಗಲಿ ಕನಿಕರವಾಗಲಿ ಹುಟ್ಟುತ್ತಿರಲಿಲ್ಲ. ಮನೆಗೆ ಹೋಗಿ ಊಟ ಮಾಡಿ ಮಲಗಿದ.

ಇಲ್ಲಿ ಮಾರುಕಟ್ಟೆ ಠಾಣೆಯ ಒಂದು ಪದ್ಧತಿ ಹೇಳಬೇಕು. ಇದು ನಿಯಮದಲ್ಲಿ ಇಲ್ಲ, ರೂಢಿಯಲ್ಲಿ ಇದೆ. ಇಂಗ್ಲಿಷಿನಲ್ಲಿ ಹೋಗಬೇಕಾದ ಪತ್ರವನ್ನು ಠಾಣೆಯಲ್ಲಿ ಯಾರೂ ಬರೆಯುವುದಿಲ್ಲ. ವಿಷಯವನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ಮಾಸ್ತರರ ಸೆಂಟರಿಗೆ ಕಳಿಸುತ್ತಾರೆ. ಹತ್ತು ನಿಮಿಷದಲ್ಲಿ ಪತ್ರ ಬರುತ್ತದೆ. ಊರೇ ಹಾಗೆ. ವಿತ್ ಡ್ಯೂ ರೆಸ್ಪೆಕ್ಟ್ ಎಲ್ಲಿ ಬರೆಯಬೇಕು, ಕೈಂಡ್ಲಿ ಎಷ್ಟು ಸಲ ಬರೆದರೆ ಹೆಚ್ಚಾಗುತ್ತದೆ ಎಂಬುದನ್ನು ನಲವತ್ತು ವರ್ಷದಿಂದ ಈ ಊರಿಗೆ ಕಲಿಸಿದವರು ಅವರು. ಸಂಜೆಯ ತರಗತಿಯಲ್ಲಿ ಅವರದೊಂದು ಪಾಠವಿತ್ತು. "ಒಂದು ಮಾತು ಕಲಿತ್ರ ಅದನ್ನ ಹತ್ತು ಕಡೆ ಇಟ್ಟು ನೋಡ್ರಿ. ಎಲ್ಲಿ ಕುಂದರತೈತೋ ಅದ ಅದರ ಮನಿ." ರಜಾಕನೂ ಅಲ್ಲಿ ಕಲಿತವನೇ. ಅವನ ಬಡ್ತಿಯ ಅರ್ಜಿಯೂ ಅಲ್ಲಿಂದಲೇ ಹೋದದ್ದು.

ಆ ರೂಢಿಯಂತೆ ರಜಾಕ 15ರಂದೇ, ಇನ್ನೂ ಯಾವ ಟೈಪ್‌ರೈಟರನ್ನೂ ನೋಡುವ ಮೊದಲು, ಸಹಿ ಪರೀಕ್ಷೆ ಕೋರಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಬರೆಯಬೇಕಾದ ಪತ್ರದ ಚೀಟಿಯನ್ನು ಸೆಂಟರಿಗೆ ಕೊಟ್ಟು ಬಂದಿದ್ದ. ಸಾಹೇಬರಿಗೆ ಹೇಳುವಂಥ ಸಂಗತಿ ಅದು ಎಂದು ಅವನಿಗೆ ಅನಿಸಿರಲಿಲ್ಲ. ಮಾಸ್ತರರು ಅವತ್ತು ಒಬ್ಬರೇ ಇದ್ದರು, ದೂರು ಕೊಟ್ಟ ಮೇಲೆ ತರನ್ನುಮ ಸೆಂಟರಿಗೆ ಹೋಗಿರಲಿಲ್ಲ. ಎರಡು ದಿನ ಬಿಟ್ಟು ಬಾ ಎಂದರು. ಶನಿವಾರ ಹೋದರೆ ಸೋಮವಾರ ಅಂದರು.

ಫೆಬ್ರುವರಿ 19, ಸೋಮವಾರ ಬೆಳಿಗ್ಗೆ 10.30ಕ್ಕೆ ಪತ್ರ ಬಂತು. ಸಹಿ ಮಾಡಲು ರಜಾಕ ಅದನ್ನು ಚನ್ನೇಶನ ಮುಂದೆ ಇಟ್ಟ. ಚನ್ನೇಶ ನಿಧಾನವಾಗಿ ಓದಿದ. ವಿಳಾಸ ಸರಿಯಿತ್ತು. ಒಕ್ಕಣೆ ಸರಿಯಿತ್ತು. ಪ್ಲೀಸ್ ಫೈಂಡ್ ಎನ್‌ಕ್ಲೋಸ್ಡ್ ಹಿಯರ್‌ವಿತ್ ಎನ್ನುವುದೂ ತನ್ನ ಜಾಗದಲ್ಲಿತ್ತು. ಆದರೆ ಲಗತ್ತಿಸಿದ್ದು ಸಹಿ ಅಲ್ಲ, ಜಪ್ತಿ ಮಾಡಿದ ಕಳ್ಳಭಟ್ಟಿಯ ಮೂರು ಬಾಟಲಿ. ಅವುಗಳಲ್ಲಿ ವಿಷ ಇದೆಯೇ ಪರೀಕ್ಷಿಸಿ ತಿಳಿಸಿ ಎಂದು ಕೋರಲಾಗಿತ್ತು.

"ರಜಾಕ, ಇದೇನಿದು?"

ರಜಾಕ ಓದಿದ. ಅವನ ಮುಖ ಸಣ್ಣದಾಯಿತು. "ಇದು ನಮ್ಮ ಹಳೇ ಕೇಸ್ರಿ ಸರ್. 2009ರದ್ದು. ಆವಾಗ ನಾನ ಮಾಸ್ತರ ಕಡಿಂದ ಬರಿಸಿದ್ದೆ. ಅಕ್ಷರ ಅಕ್ಷರ ಅದ ಐತಿ."

"ಚೀಟಿ ಓದಿದಾವ್ರು ಹೆಂಗ ಇದನ್ನ ಬರೀತಾರ?"

"ಚೀಟಿ ಕನ್ನಡದಾಗ ಐತಲ್ಲರಿ."

ಹಾಗೆ ಎಂದ ಕೂಡಲೇ ರಜಾಕನಿಗೇ ಹೊಳೆಯಿತು. ಮಾಸ್ತರರಿಗೆ ಚೀಟಿ ಓದಲು ಬಂದಿದೆ. ಪತ್ರ ಓದಲು ಬಂದಿಲ್ಲ. ಹಳೆಯ ಕಡತದಿಂದ ಠಾಣೆಯ ಪತ್ರವೊಂದನ್ನು ಹುಡುಕಿ, ಅದರಲ್ಲಿ ಏನಿದೆ ಎಂದು ತಿಳಿಯದೆ, ನೋಡಿ ನೋಡಿ ಹೊಡೆದಿದ್ದಾರೆ. ಚನ್ನೇಶನಿಗೆ ಹುಡುಗಿ ತಿದ್ದಿಕೊಂಡ ಮಾತು ಈಗ ಅರ್ಥವಾಯಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತೆ ಬ್ಯಾಡಗಿಯ ಘಾಟು ಕುಡಿದು ಬಂದಿದ್ದೆವಲ್ಲ ಎಂದುಕೊಂಡ.

ಮಧ್ಯಾಹ್ನ 1.15ಕ್ಕೆ ತರನ್ನುಮಳನ್ನು ಮತ್ತೆ ಕೂರಿಸಿ ಕೇಳಲಾಯಿತು. ಕಳ್ಳಭಟ್ಟಿಯ ಪತ್ರವನ್ನು ಅವಳ ಕೈಗೆ ಕೊಟ್ಟರು. ಓದಿ ಮಡಿಸಿ ಮೇಜಿನ ಮೇಲಿಟ್ಟಳು.

"ಎಷ್ಟು ದಿನ ಆತು?"

"ಮೂರು ವರ್ಷ ಆತ್ರಿ. ಲಕ್ವಾ ಹೊಡದಾಗಿಂದ. ಕೈ ಬಂತು, ಕಾಲು ಬಂತು, ಕನ್ನಡ ಬಂತು. ಇಂಗ್ಲಿಷ್ ಬರಲಿಲ್ಲ. ಒಂದ ಒಂದು ಮಾತೂ ಉಳೀಲಿಲ್ಲ. ಬರತೈತಿ ಬರತೈತಿ ಅಂತ ಕಾದ್ವಿ."

"ಮತ್ತ ಅವರು ಹೇಳ್ತಾರ, ನಾ ಬಡೀತೇನಿ ಅಂದ್ರಿ?"

"ಮಂದಿ ಮುಂದ ಕಣ್ಣು ಮುಚ್ಚಿ ತುಟಿ ಅಳ್ಳಾಡಸ್ತಾರ್ರಿ. ನಾ ಬರದು ಮುಗಸ್ತೇನಿ. ಯಾರಿಗೂ ಹೇಳಬ್ಯಾಡ ಅಂದಿದ್ರು. ಹೇಳಿರಲಿಲ್ಲ."

"ಖಾಲಿ ಹಾಳಿ?"

ಅವಳು ಅದನ್ನೂ ಹೇಳಿದಳು. ಡಿಸೆಂಬರಿನಲ್ಲಿ ತಾಯಿಯ ಕಣ್ಣಿನ ಆಪರೇಷನ್ನಿಗೆ ಹುಬ್ಬಳ್ಳಿಯಲ್ಲಿ ಇರಬೇಕಾಗಿ ಬಂದಿತ್ತು. ದಾಖಲೆ ಪರಿಶೀಲನೆಗೆ ಏನಾದರೂ ಕೇಳಿದರೆ ಇರಲಿ ಎಂದು ಎರಡು ಹಾಳೆಗೆ ಸಹಿ ಮಾಡಿ ಸೆಂಟರಿನಲ್ಲಿ ಇಟ್ಟು ಹೋಗಿದ್ದಳು. ಪರವೂರಿಗೆ ಹೋಗುವವರು ಎಲ್ಲರೂ ಹಾಗೆ ಮಾಡುತ್ತಾರೆ. ಐರಣಿಯಿಂದ ಬರುವ ರೈತರ ಸಹಿ ಹಾಕಿದ ಹಾಳೆಗಳು ಅಲ್ಲಿ ಕಟ್ಟುಗಟ್ಟಲೆ ಇವೆ. ಯಾರೂ ಯಾವತ್ತೂ ಮೋಸ ಹೋಗಿಲ್ಲ.

"ಯಾರಿಗೂ ಕೊಟ್ಟಿಲ್ಲ ಅಂದಿದ್ರಲ್ಲ ಮೊದಲನೇ ದಿನ?"

"ಮಾಸ್ತರಿಗೆ ಕೊಟ್ಟದ್ದು ಯಾರಿಗರ ಕೊಟ್ಟಂಗ ಅಂತ ಅನಸಲಿಲ್ಲರಿ."

2.40ಕ್ಕೆ ಸೆಂಟರ್ ತಲುಪಿದರು. ಮಾಲತೇಶಪ್ಪನವರು ಅರವತ್ತೆಂಟರ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. "ಬರ್ರಿ, ಕುಂದ್ರಿ," ಎಂದರು. ಶೋಧನೆ ಎಂದು ಹೇಳಿದಾಗ ಕುರ್ಚಿಯಿಂದ ಎದ್ದು ಬದಿಗೆ ನಿಂತರು.

ಗೋಡೆಗೆ ಹೊಂದಿಸಿದ ಕಪಾಟಿನಲ್ಲಿ ನಲವತ್ತು ವರ್ಷದ ಪತ್ರಗಳ ಆಫೀಸ್ ಕಾಪಿ ಇತ್ತು. ಒಂದೊಂದಕ್ಕೂ ಕ್ರಮಸಂಖ್ಯೆ, ಮೇಲೆ ಕನ್ನಡದಲ್ಲಿ ಒಂದು ಸಾಲು ವಿವರ. 2009ರ ಠಾಣೆಯ ಪತ್ರದ ಮೇಲೆ 'ಠಾಣೆ, ಪ್ರಯೋಗಾಲಯಕ್ಕೆ, ಪರೀಕ್ಷೆ ಕೋರಿ' ಎಂದಷ್ಟೇ ಇತ್ತು. ಕಾಪಿ ಇಡದೆ ಪತ್ರ ಕಳಿಸುವವನು ಬಾಗಿಲು ಹಾಕದೆ ಊರಿಗೆ ಹೋಗುವವನು ಎಂದು ಅವರು ತರಗತಿಯಲ್ಲಿ ಹೇಳುತ್ತಿದ್ದರಂತೆ. ಸುಚಿತ್ರಾ 2024ರ ಕಡತ ತೆಗೆದಳು. ಬೇರೆಲ್ಲ ಕಾಪಿಗಳು ತರನ್ನುಮ ಕಂಪ್ಯೂಟರಿನಲ್ಲಿ ತೆಗೆದವು. ಒಂದು ಮಾತ್ರ ಕಾರ್ಬನ್ ಪ್ರತಿ. ದಿನಾಂಕ ಫೆಬ್ರುವರಿ 4, ಭಾನುವಾರ. ಕ್ರಮಸಂಖ್ಯೆ 57. ಮೇಲೆ ಅವರದೇ ಅಕ್ಷರದಲ್ಲಿ, 'ತರನ್ನುಮ, ನೌಕರಿ ಒಲ್ಲೆ ಅಂತ.'

ರಜಾಕ ಕಪಾಟಿನ ಮುಂದೆ ಹಾಗೇ ನಿಂತುಬಿಟ್ಟ. ಮಾಡಬಾರದ್ದು ಮಾಡುವಾಗಲೂ ಕಾಪಿ ಇಟ್ಟು, ನಂಬರು ಕೊಟ್ಟು, ಸ್ವೀಕೃತಿ ಕಾರ್ಡು ಹಚ್ಚಿಸಿ ಕಳಿಸಿದ ಮನುಷ್ಯನನ್ನು ಅವನು ಹದಿನೆಂಟು ವರ್ಷ ಪೊಲೀಸನಾಗಿ ಕಂಡಿರಲಿಲ್ಲ.

2011ರ ಕಡತದಲ್ಲಿ ಅದೇ ಏಳು ಸಾಲಿನ ಪತ್ರ ಸಿಕ್ಕಿತು. 'ಪುಂಡಲೀಕ, ಐರಣಿ, ನೌಕರಿ ಒಲ್ಲೆ ಅಂತ.' ಹೆಸರು ಮತ್ತು ಹುದ್ದೆ ಬಿಟ್ಟರೆ ವ್ಯತ್ಯಾಸವಿಲ್ಲ. ಅವೆರಡನ್ನೂ ತರನ್ನುಮಳ ನೇಮಕಾತಿ ಆದೇಶದ ನಕಲು ನೋಡಿ ಹೊಡೆದಿದ್ದರು. ಟೈಪ್‌ರೈಟರಿನ ಕೆಳಗಿನ ಡ್ರಾವರಿನಲ್ಲಿ ತರನ್ನುಮಳ ಸಹಿಯಿದ್ದ ಎರಡನೆಯ ಖಾಲಿ ಹಾಳೆಯೂ ಇತ್ತು. ಎಲ್ಲವನ್ನೂ ಪಂಚನಾಮೆಯ ಮೂಲಕ ವಶಪಡಿಸಿಕೊಂಡರು. 4.10ಕ್ಕೆ ಮಾಲತೇಶಪ್ಪನವರನ್ನು ದಸ್ತಗಿರಿ ಮಾಡಲಾಯಿತು. ಅವರು ಅಂಗಡಿಯ ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದರು.

ಠಾಣೆಯಲ್ಲಿ ಅವರು ಯಾವುದನ್ನೂ ಅಲ್ಲಗಳೆಯಲಿಲ್ಲ. ಭಾನುವಾರ ಮುಂಜಾನೆ ಕುಳಿತವರು ಏಳು ಸಾಲು ಮುಗಿಸುವಾಗ ಮಧ್ಯಾಹ್ನವಾಗಿತ್ತು. ಒಂದೊಂದು ಅಕ್ಷರದ ಆಕಾರ ನೋಡಿ ಅದೇ ಆಕಾರ ಮೂಡಿಸುವ ಗುಂಡಿ ಹುಡುಕಿ ಒತ್ತಿದರು. ತಪ್ಪಿದರೆ ಹಾಳಾಗುವುದು ಸಹಿಯ ಹಾಳೆ. ಅದಕ್ಕೇ ಬೇರೆ ಹಾಳೆಯಲ್ಲಿ ಮೂರು ಸಲ ಹೊಡೆದು ರೂಢಿ ಮಾಡಿಕೊಂಡಿದ್ದರು. ಇಲ್ಲಿನ ಅಂಚೆಯವರಿಗೆ ಗುರುತು ಹತ್ತುತ್ತದೆಂದು ಬಸ್ಸು ಹತ್ತಿ ಬ್ಯಾಡಗಿಗೆ ಹೋಗಿ ಹಾಕಿ ಬಂದರು.

"ಅಕೀಗೆ ಕೇಳಬಹುದಿತ್ತಲ್ಲರಿ," ಎಂದ ಚನ್ನೇಶ. "ಸಂಜಿಮುಂದ ಬಂದು ಬರದು ಕೊಡು ಅಂತ."

"ಕೇಳಿದ್ರ ಹೂಂ ಅಂತಿದ್ಲು. ಎಷ್ಟು ದಿನ ಬಂದಾಳ್ರಿ? ಹಗಲಿಗೆ ಯಾರರ ಒಂದು ಕಾಗದ ತಂದು, ಮಾಸ್ತರ, ಇದರಾಗ ಏನೈತಿ ಹೇಳ್ರಿ ಅಂದ್ರ ನಾ ಏನ್ ಹೇಳ್ಲಿ?"

"ಬರಂಗಿಲ್ಲ ಅಂತ ಹೇಳೂದು."

"ನಲವತ್ತು ವರ್ಷ ಆದಮ್ಯಾಲೆ?"

ಚನ್ನೇಶ ಕೇಳಿದ. "ಅಕಿ ಬಾಳೇವು ಹಾಳಾಗತೈತಿ ಅಂತ ಗೊತ್ತಿತ್ತೇನು?"

"ಗೊತ್ತಿತ್ತು," ಎಂದರು ಮಾಲತೇಶಪ್ಪನವರು. "ಗೊತ್ತಿದ್ದ ಮಾಡೇನಿ."

ಸುಚಿತ್ರಾ ಅದನ್ನು ಹಾಗೆಯೇ ಬರೆದುಕೊಂಡಳು.

ವರದಿಯನ್ನು ಚನ್ನೇಶ ಕನ್ನಡದಲ್ಲೇ ಬರೆದ. ಇಂಗ್ಲಿಷಿನಲ್ಲಿ ಬರೆಸಲು ಊರಿನಲ್ಲಿ ಇನ್ನು ಯಾರೂ ಇರಲಿಲ್ಲ. ಒಬ್ಬರು ಆರೋಪಿ, ಒಬ್ಬಳು ಫಿರ್ಯಾದಿ. ಫೆಬ್ರುವರಿ 20, ಮಂಗಳವಾರ ಬೆಳಿಗ್ಗೆ 10.15ಕ್ಕೆ ಸುಚಿತ್ರಾ ಅದನ್ನು ಹಾವೇರಿಯ ಕಚೇರಿಗೆ ಮುಟ್ಟಿಸಿ ಫೋನ್ ಮಾಡಿದಳು. ಅಧೀಕ್ಷಕರು ಓದಿ, ಮೊದಲ ಆದೇಶವೇ ಉಳಿಯುತ್ತದೆ, 28ರೊಳಗೆ ಬಂದು ಹಾಜರಾಗಲಿ ಎಂದಿದ್ದರು.

11 ಗಂಟೆಗೆ ಮಾಲತೇಶಪ್ಪನವರನ್ನು ನ್ಯಾಯಾಲಯಕ್ಕೆ ಕರೆದೊಯ್ಯಬೇಕಿತ್ತು. ಹೇಳಿಕೆಗೆ ಸಹಿ ಮಾಡಲು ತರನ್ನುಮ ಬಂದಿದ್ದಳು. ನೌಕರಿ ಉಳಿಯಿತು ಎಂದು ರಜಾಕ ಹೇಳಿದಾಗ, "ಹೌದ್ರಿ?" ಎಂದಳು, ಅಷ್ಟೇ. ಪಡಸಾಲೆಯಲ್ಲಿ ಬೆಂಚಿನ ಮೇಲೆ ಮಾಸ್ತರರು ಕುಳಿತಿದ್ದರು. ಮೇಜಿನ ಮೇಲೆ ನ್ಯಾಯಾಲಯಕ್ಕೆ ಹೋಗುವ ಕಡತದಲ್ಲಿ ಆ ಪತ್ರ ಮೇಲೆಯೇ ಇತ್ತು.

ಅವರು ಅದನ್ನು ಬೆರಳಿನಿಂದ ತೋರಿಸಿದರು. "ತರನ್ನುಮ, ಅದರಾಗ ಏನೈತವ್ವಾ?"

ತರನ್ನುಮ ಚನ್ನೇಶನ ಕಡೆ ನೋಡಿದಳು. ಅವನು ಬೇಡ ಎನ್ನಲಿಲ್ಲ. ಅವಳು ನಿಂತಲ್ಲೇ ಬಾಗಿ, ಮುಟ್ಟದೆ, ಏಳು ಸಾಲನ್ನೂ ಮೊದಲು ಇಂಗ್ಲಿಷಿನಲ್ಲಿ ಓದಿದಳು. ಆಮೇಲೆ ಒಂದೊಂದೇ ಸಾಲಿಗೆ ಕನ್ನಡ ಹೇಳಿದಳು. ತಿಳಿಸಲು ವಿಷಾದವಾಗುತ್ತದೆ. ತಪ್ಪಿಸಲಾಗದ ಕಾರಣಗಳಿಂದ ಈ ಹುದ್ದೆಯನ್ನು ಸ್ವೀಕರಿಸುವ ಭಾಗ್ಯ ನನಗಿಲ್ಲ. ನನ್ನ ಮೇಲೆ ತೋರಿದ ವಿಶ್ವಾಸಕ್ಕೆ ಋಣಿಯಾಗಿದ್ದೇನೆ. ಅವಳ ದನಿ ಎಲ್ಲಿಯೂ ತಡವರಿಸಲಿಲ್ಲ. ಸೆಂಟರಿನಲ್ಲಿ ಯಾರದೋ ಅರ್ಜಿ ಓದಿ ಹೇಳುವಾಗಿನ ದನಿಯೇ ಅದು.

ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. ತುಟಿ ಅಲುಗಾಡುತ್ತಿತ್ತು.

"ಎಲ್ಲಾ ಸರಿ ಐತೇನು?" ಎಂದು ಕೇಳಿದರು.

"ಸರಿ ಐತ್ರಿ ಸರ್," ಎಂದಳು ತರನ್ನುಮ. "ಒಂದೂ ತಪ್ಪಿಲ್ಲ."

ಅವರು ತಲೆಯಾಡಿಸಿ ಎದ್ದರು. ರಜಾಕ ಅವರ ತೋಳು ಹಿಡಿದು ಜೀಪು ಹತ್ತಿಸಿದ.